ಡ್ರಾಯಿಂಗ್ ಮಾಸ್ತರ್ ಕೆಲಸ ಬಿಟ್ಟು ಪೂರ್ತಿ ದೇವರ ಮೂರ್ತಿ ಕೆತ್ತನೆಗೆ ಇಳಿಯಬಹುದಾ?

ಬೂದುಗಲ್ಲು (ಗದಗ):
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮಾತಾಡಿ ಮಾತಾಡಿ ಎಲ್ಲರಿಗೂ ಸಾಕಾಗಿದೆ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ.

ನಾನು ಗದಗ ಜಿಲ್ಲೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಚಿತ್ರಕಲಾ ಶಿಕ್ಷಕ. 2007ರಲ್ಲಿ ಸೇರಿದೆ. ವಯಸ್ಸು 46. ಕಲಿತದ್ದು ಗದಗಿನಲ್ಲೇ, ಟಿ.ಪಿ. ಅಕ್ಕಿ ಗುರುಗಳು ಕಟ್ಟಿದ ವಿಜಯ ಕಲಾ ಮಂದಿರದಲ್ಲಿ. ಮೊದಲು ಶಾಲೆಗೆ ಮಣ್ಣಿನ ಗಣಪತಿ ಮಾಡುತ್ತಿದ್ದೆ. ಆಮೇಲೆ ಶಾಲೆ ಅಂಗಳಕ್ಕೆ ಒಂದು ಸಿಮೆಂಟಿನ ಸರಸ್ವತಿ ಮಾಡಿದೆ. ಅದನ್ನು ನೋಡಿ ಬೀಗರ ಊರಿನವರು ನಾಗರಕಲ್ಲು ಕೆತ್ತಿ ಕೊಡಿ ಅಂದರು. ಆಗ ಕಲ್ಲು ಮುಟ್ಟಿದೆ, ಇನ್ನೂ ಬಿಟ್ಟಿಲ್ಲ. ಐದು ವರ್ಷದಿಂದ ಬೇಸಿಗೆ ರಜೆ, ದಸರಾ ರಜೆ ಎರಡೂ ಕಾರ್ಕಳದ ಕಡೆ ಒಬ್ಬ ಗುರುಗಳ ಶೆಡ್‌ನಲ್ಲಿ ಕಳೆದಿದ್ದೇನೆ. ಇಲ್ಲಿವರೆಗೆ ನಾಲ್ಕು ನಾಗರಕಲ್ಲು, ಎರಡು ಬಸವಣ್ಣ, ಒಂದು ಆಂಜನೇಯ ಕೆತ್ತಿದ್ದೇನೆ. ಎಲ್ಲವೂ ಪೂಜೆಯಲ್ಲಿವೆ. ನಾನು ತೆಗೆದುಕೊಂಡದ್ದು ಕಲ್ಲಿನ ಖರ್ಚು ಮಾತ್ರ.

ಈಗ ಹಾವೇರಿ ಜಿಲ್ಲೆಯ ಒಂದು ಊರಿನವರು ಮೂರಡಿ ವೀರಭದ್ರನ ಮೂರ್ತಿ ಬೇಕು ಅಂತ ಬಂದಿದ್ದಾರೆ. ಇನ್ನೊಂದು ಊರಿನವರಿಗೆ ಜೋಡಿ ದ್ವಾರಪಾಲಕರು ಬೇಕು. ಹುಬ್ಬಳ್ಳಿ ಕಡೆಯಿಂದ ಒಂದು ದೊಡ್ಡ ಬಸವಣ್ಣನ ಮಾತೂ ಇದೆ. ಸಂಜೆ ಮತ್ತು ಭಾನುವಾರ ಕೂತು ಇಷ್ಟೆಲ್ಲಾ ಆಗುವ ಕೆಲಸ ಅಲ್ಲ. ಸರ್ಕಾರಿ ನೌಕರಿಯಲ್ಲಿ ಇದ್ದು ಇದನ್ನು ದಂಧೆಯಾಗಿ ಮಾಡುವುದೂ ಸರಿಯಲ್ಲ. ಮನೆ ಸಾಲ ಇದೆ. ಮಗಳು ಪಿಯುಸಿ ಎರಡನೇ ವರ್ಷ. ಅವ್ವ "ದೇವರ ಕೆಲಸ ತಾನಾಗಿ ಬಂದದ, ಬಿಡಬ್ಯಾಡ" ಅಂತಾಳೆ. ನಮ್ಮ ಮನೆಯವರು ಇನ್ನೂ ನಾಲ್ಕು ವರ್ಷ ತಡೆಯಿರಿ ಅಂತಾರೆ.

ಕೇಳಬೇಕಾದದ್ದು ಮೂರು. ವರ್ಷವಿಡೀ ಕೆಲಸ ಇರುತ್ತದಾ? ಮೂರ್ತಿಗೆ ದರ ಹೇಗೆ ಹೇಳುವುದು? ಈ ದಾರಿ ಹಿಡಿದವರು ಯಾರಾದರೂ ಇದ್ದೀರಾ?

ರಾಣೇಬೆನ್ನೂರು ಅಣ್ಣ:
ಬಿಡಬೇಡಿ ಸರ್. ಸಂಬಳ ಒಂದನೇ ತಾರೀಖು ಬರುತ್ತದೆ. ಕಮಿಟಿಯವರ ದುಡ್ಡು ಬಂದಾಗ ಬರುತ್ತದೆ.

ಬೆಟಗೇರಿ ನೇಕಾರ:
ಬಿಡಿ ಸರ್! ನಿಮ್ಮ ಆಂಜನೇಯ ಯಾವ ಊರಲ್ಲಿದೆ ಹೇಳಿ, ನೋಡಿಕೊಂಡು ಬರುತ್ತೇನೆ. ಅಯೋಧ್ಯೆಯ ಬಾಲರಾಮನನ್ನು ಕೆತ್ತಿದ ನಮ್ಮ ಮೈಸೂರಿನ ಅರುಣ್ ಯೋಗಿರಾಜ್ ಅವರೂ ಎಂಬಿಎ ಓದಿ, ಕಂಪನಿ ಕೆಲಸ ಬಿಟ್ಟು ಬಂದವರೇ ಅಲ್ವಾ? 51 ಇಂಚಿನ ಆ ಮೂರ್ತಿ ಇವತ್ತು ಇಡೀ ದೇಶ ನೋಡುತ್ತಿದೆ.

ಕುಲಕಸುಬು (ಹಾವೇರಿ):
ಅರುಣ್ ಯೋಗಿರಾಜ್ ಅವರದು ಐದು ತಲೆಮಾರಿನ ಶಿಲ್ಪಿ ಮನೆತನ. ಕಂಪನಿ ಕೆಲಸ ಬಿಟ್ಟು ಅವರು ಬಂದದ್ದು ತಮ್ಮ ಮನೆಗೇ. ಎರಡಕ್ಕೂ ವ್ಯತ್ಯಾಸ ಇದೆ.

ಮಾಸ್ತರ್‌ಗೆ ಬೇಸರ ಆಗಬಾರದು, ಆದರೆ ನೇರವಾಗಿ ಹೇಳುತ್ತೇನೆ. ಡ್ರಾಯಿಂಗ್ ಬಂದವರಿಗೆಲ್ಲ ದೇವರ ಮೂರ್ತಿ ಬರುವುದಿಲ್ಲ. ನಮ್ಮ ಮನೆಯಲ್ಲಿ ಅಜ್ಜ ನನಗೆ ಎರಡು ವರ್ಷ ಬರೀ ಉಳಿ ಹರಿತ ಮಾಡಲು ಹಚ್ಚಿದ್ದರು. ಮೂರನೇ ವರ್ಷ ಪೀಠದ ಕಮಲದ ದಳ. ಮುಖ ಮುಟ್ಟಲು ಬಿಟ್ಟದ್ದು ಒಂಬತ್ತನೇ ವರ್ಷ. ಈಗ ಎಲ್ಲಿ ನೋಡಿದರೂ ಕ್ಯಾಲೆಂಡರ್ ಮುಖದ ದೇವರು. ಮೂರ್ತಿಯ ಅಳತೆ ಹೇಳುವ ತಾಳಮಾನ ಇಲ್ಲ, ದೇವರ ರೂಪ ಹೇಳುವ ಧ್ಯಾನಶ್ಲೋಕ ಇಲ್ಲ. ಕೈ ಉದ್ದ, ಕಾಲು ಗಿಡ್ಡ. ಅಂಥದ್ದನ್ನು ಪ್ರತಿಷ್ಠೆ ಮಾಡಿ ಊರಿನವರು ನೂರು ವರ್ಷ ಪೂಜೆ ಮಾಡಬೇಕು. ನೀವು ವೀರಭದ್ರನಿಗೆ ಯಾವ ತಾಳ ಹಿಡಿದಿದ್ದೀರಿ?

ಬೂದುಗಲ್ಲು:
ಬೇಸರ ಏನೂ ಇಲ್ಲ ಅಣ್ಣಾರೆ, ಕೇಳಬೇಕಾದ ಪ್ರಶ್ನೆಯೇ. ಗುರುಗಳು ನವತಾಳ ಹೇಳಿದ್ದಾರೆ. ಅಂದರೆ ಎತ್ತರ ಒಂಬತ್ತು ಮುಖದಷ್ಟು, 108 ಅಂಗುಲ. ಮೂರ್ತಿ ಮೂರಡಿ, ಅಂದರೆ 36 ಇಂಚು. ಒಂದು ಅಂಗುಲಕ್ಕೆ ಇಂಚಿನ ಮೂರರಲ್ಲಿ ಒಂದು ಪಾಲು. ಹನ್ನೆರಡು ಅಂಗುಲದ ಮುಖ ನಾಲ್ಕು ಇಂಚು ಬರುತ್ತದೆ.

ಇದನ್ನು ಕಲಿಯುವಾಗ ನನಗೆ ತುಂಬಾ ಕಷ್ಟವಾಯಿತು. ಶಾಲೆಯಲ್ಲಿ ಮಕ್ಕಳಿಗೆ ಮನುಷ್ಯನ ಎತ್ತರ ಏಳೂವರೆ ತಲೆ ಅಂತ ಹೇಳಿಕೊಡುತ್ತೇನೆ. ಅಲ್ಲಿ ತಲೆ ಅಂದರೆ ನೆತ್ತಿಯಿಂದ ಗಲ್ಲದವರೆಗೆ. ಶಿಲ್ಪದಲ್ಲಿ ತಾಳ ಅಂದರೆ ಹಣೆಯ ಕೂದಲಂಚಿನಿಂದ ಗಲ್ಲದವರೆಗೆ. ನಾನು ಎರಡನ್ನೂ ಕಲಸಿಬಿಟ್ಟು ಆಂಜನೇಯನ ಸೊಂಟ ಒಂದೂವರೆ ಇಂಚು ಕೆಳಗೆ ಗುರುತು ಹಾಕಿದ್ದೆ. ಗುರುಗಳು ಏನೂ ಬೈಯಲಿಲ್ಲ. ಗೆರೆ ಅಳಿಸಿ ದಾರ ಕೊಟ್ಟು "ಮತ್ತೆ ಅಳೆಯಿರಿ" ಅಂದರು ಅಷ್ಟೇ.

ಉಳಿ ಸುತ್ತಿಗೆ (ಧಾರವಾಡ):
ಮಾಸ್ತರೇ, ನಾನು ಈ ದಾರಿ ಹಿಡಿದವನು. ಖಾಸಗಿ ಶಾಲೆಯ ಡ್ರಾಯಿಂಗ್ ಟೀಚರ್ ಆಗಿದ್ದೆ. ಬಿಟ್ಟು ಹನ್ನೊಂದು ವರ್ಷ ಆಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ಮೊದಲ ವಿಷಯ, ವರ್ಷವಿಡೀ ಕೆಲಸ ಇರುತ್ತದೆ, ವರ್ಷವಿಡೀ ದುಡ್ಡು ಇರುವುದಿಲ್ಲ. ದೇವರ ಪ್ರತಿಷ್ಠೆ ಆಷಾಢದಲ್ಲಿ ಯಾರೂ ಮಾಡಲ್ಲ, ಧನುರ್ಮಾಸದಲ್ಲಿ ಮಾಡಲ್ಲ. ಎಲ್ಲರಿಗೂ ಬೇಕಾದ್ದು ಶಿವರಾತ್ರಿ, ಯುಗಾದಿ, ಬಸವ ಜಯಂತಿ, ಅಕ್ಷಯ ತದಿಗೆ. ಹಾಗಾಗಿ ದೀಪಾವಳಿ ಮುಗಿದ ಕೂಡಲೇ ಮಂದಿ ಓಡಿ ಬರುತ್ತಾರೆ, "ಮೂರು ತಿಂಗಳಲ್ಲಿ ಕೊಡ್ರಿ" ಅಂತಾರೆ. ಕೆತ್ತಿ ಕೊಟ್ಟ ಮೇಲೆ ಬಾಕಿ ಬರುವುದು ಬೇಸಿಗೆಯಲ್ಲಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕೈ ಖಾಲಿ. ಮೊದಲ ವರ್ಷ ನನಗೆ ಇದು ಗೊತ್ತಿರಲಿಲ್ಲ, ಶ್ರಾವಣದಲ್ಲಿ ಹೆಂಡತಿಯ ಬಳೆ ಅಡ ಇಟ್ಟೆ. ಈಗ ಬೇಸಿಗೆಯಲ್ಲಿ ಬಂದದ್ದನ್ನು ಹನ್ನೆರಡು ಪಾಲು ಮಾಡಿ ಇಡುತ್ತೇನೆ. ಮಳೆಗಾಲದಲ್ಲಿ ನಾಗರಕಲ್ಲು, ಸಣ್ಣ ಗಣಪತಿ, ಮನೆ ಬಾಗಿಲಿನ ಹೊಸ್ತಿಲು ಕಲ್ಲು ಮಾಡಿ ಇಟ್ಟುಕೊಳ್ಳುತ್ತೇನೆ.

ಎರಡನೆಯದು ದರ. ಎತ್ತರದ ಲೆಕ್ಕದಲ್ಲಿ ದರ ಹೇಳಬೇಡಿ. ಎಲ್ಲರೂ "ಅಡಿಗೆ ಎಷ್ಟು" ಅಂತಲೇ ಕೇಳುತ್ತಾರೆ. ಮೂರಡಿ ಬಸವಣ್ಣನಿಗೂ ಮೂರಡಿ ವೀರಭದ್ರನಿಗೂ ಒಂದೇ ದರ ಆಗುತ್ತದಾ? ವೀರಭದ್ರನಿಗೆ ನಾಲ್ಕು ಕೈ. ಕತ್ತಿ, ಗುರಾಣಿ, ಬಿಲ್ಲು, ಬಾಣ. ರುಂಡಮಾಲೆ. ಕಾಲ ಬಳಿ ಆಡಿನ ತಲೆಯ ದಕ್ಷ, ಈ ಕಡೆ ಭದ್ರಕಾಳಿ. ಕೆತ್ತುವ ದಿನ ಎಷ್ಟು ಅಂತ ಮೊದಲು ಎಣಿಸಿ. ಕಲ್ಲು, ಲಾರಿ, ಕ್ರೇನು ಬೇರೆ ಬರೆಯಿರಿ. ಕೃಷ್ಣಶಿಲೆ, ಅಂದರೆ ಮೂರ್ತಿಗೆ ಬಳಸುವ ಕಪ್ಪು ಕಲ್ಲು, ಒಂದು ಘನ ಅಡಿಗೆ ಹತ್ತಿರ ಹತ್ತಿರ 85 ಕಿಲೋ. ನಿಮ್ಮ ಮೂರಡಿ ಮೂರ್ತಿಗೆ ಪೀಠ, ಪ್ರಭಾವಳಿ ಸೇರಿ ನಾಲ್ಕಡಿ ಉದ್ದ, ಎರಡಡಿ ಅಗಲ, ಒಂದಡಿ ದಪ್ಪದ ಕಲ್ಲು ಬೇಕು. ಎಂಟು ಘನ ಅಡಿ, 680 ಕಿಲೋ. ಅದನ್ನು ಕಾರ್ಕಳದಿಂದ ಘಟ್ಟ ಹತ್ತಿಸಿ ಗದಗಿಗೆ ತರಬೇಕು. ಇದನ್ನು ಕಮಿಟಿಯವರಿಗೆ ಹಾಳೆಯ ಮೇಲೆ ಬರೆದು ತೋರಿಸಿದರೆ ಚೌಕಾಸಿ ಅರ್ಧ ಕಡಿಮೆ ಆಗುತ್ತದೆ.

ಮೂರನೆಯದು ಮುಂಗಡ. ಮೂರು ಕಂತು ಮಾಡಿ. ಕಲ್ಲು ಆರಿಸಿದ ದಿನ ಒಂದು, ಮುಖ ಮೂಡಿದ ದಿನ ಒಂದು, ಮೂರ್ತಿ ಎತ್ತುವ ಮೊದಲು ಒಂದು. ಎತ್ತಿದ ಮೇಲೆ ಅಲ್ಲ, ಎತ್ತುವ ಮೊದಲು. ಒಂದು ಊರಿನಲ್ಲಿ ಕಮಿಟಿ ಬದಲಾಯಿತು, ಹೊಸಬರು "ಆ ಮಾತು ಹಳೇ ಕಮಿಟಿಯದು" ಅಂದರು. ದೇವರು ಗುಡಿಯಲ್ಲಿ ಕೂತಿದ್ದ, ನಾನು ಹೊರಗೆ ಕಟ್ಟೆಯ ಮೇಲೆ ಕೂತಿದ್ದೆ. ದೇವರ ಹೆಸರಿನಲ್ಲಿ ಜಗಳ ಮಾಡಲು ಮನಸ್ಸು ಬರಲಿಲ್ಲ. ಎದ್ದು ಬಂದೆ.

ಆದರೂ ಬಿಟ್ಟದ್ದಕ್ಕೆ ಒಂದು ದಿನವೂ ಬೇಜಾರಾಗಿಲ್ಲ.

ಲೆಕ್ಕದ ಮನುಷ್ಯ:
ಕಾಗದ ಪತ್ರದ ಮಾತು. ರಾಜ್ಯ ಸರ್ಕಾರಿ ನೌಕರರಿಗೆ 15 ವರ್ಷ ಸೇವೆ ಆಗಿದ್ದರೆ ಸ್ವಯಂ ನಿವೃತ್ತಿ ಕೇಳಬಹುದು. ಮೂರು ತಿಂಗಳ ಮೊದಲೇ ನೋಟಿಸ್ ಕೊಡಬೇಕು. ಸುಮ್ನೆ ರಾಜೀನಾಮೆ ಬರೆದು ಕೊಟ್ಟು ಬರಬೇಡಿ, ಎರಡೂ ಒಂದೇ ಅಲ್ಲ. ನೀವು 2006ರ ಏಪ್ರಿಲ್ ನಂತರ ಸೇರಿದವರು, ಹಾಗಾಗಿ ಎನ್‌ಪಿಎಸ್, ಅಂದರೆ ಹೊಸ ಪಿಂಚಣಿ ಯೋಜನೆ. ಹಳೇ ಪಿಂಚಣಿಯ ಹಾಗೆ ಕೂತು ಉಣ್ಣುವ ಲೆಕ್ಕ ಇಲ್ಲ. ಈಗ ಹೊರಬಂದರೆ ಕೈಗೆ ಎಷ್ಟು, ತಿಂಗಳಿಗೆ ಎಷ್ಟು ಅನ್ನುವುದನ್ನು ಖಜಾನೆಯಲ್ಲಿ ಬರೆಸಿಕೊಂಡು ಬನ್ನಿ, ಆಮೇಲೆ ತೀರ್ಮಾನ ಮಾಡಿ.

ಶಿಗ್ಗಾಂವಿ ಹುಡುಗ:
ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಮೂರು ಲಕ್ಷ ಸಾಲ ಸಿಗುತ್ತೆ ಸರ್. ಮೂರ್ತಿ ಕೆತ್ತುವವರೂ ಅದರಲ್ಲಿ ಇದ್ದಾರೆ. ಇವತ್ತೇ ಅರ್ಜಿ ಹಾಕಿ.

ಲೆಕ್ಕದ ಮನುಷ್ಯ:
ತಮ್ಮಾ, ಪೂರ್ತಿ ಹೇಳು. 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಯೋಜನೆ. 18 ಕಸುಬು ಇವೆ, ಕಲ್ಲು ಕೆತ್ತುವವರೂ ಇದ್ದಾರೆ, ಅದು ನಿಜ. ಸಾಲ ಒಂದೇ ಸಲ ಮೂರು ಲಕ್ಷ ಅಲ್ಲ. ಮೊದಲು ಒಂದು ಲಕ್ಷ, ಅದನ್ನು ತೀರಿಸಿದ ಮೇಲೆ ಎರಡು ಲಕ್ಷ. ಬಡ್ಡಿ ಐದು. ಸಲಕರಣೆಗೆ 15,000 ಬೇರೆ. ಆದರೆ ಸರ್ಕಾರಿ ನೌಕರರಿಗೂ ಅವರ ಮನೆಯವರಿಗೂ ಇದು ಸಿಗುವುದಿಲ್ಲ. ಮಾಸ್ತರ್ ಕೆಲಸ ಬಿಟ್ಟ ಮೇಲೆಯೇ ಆ ಮಾತು.

ಹಳೇ ವಿದ್ಯಾರ್ಥಿ:
ಎಲ್ಲರೂ ಮೂರ್ತಿ ಬಗ್ಗೆ ಮಾತಾಡುತ್ತಿದ್ದೀರಿ. ಶಾಲೆಯ ಮಕ್ಕಳ ಬಗ್ಗೆ ಯಾರೂ ಮಾತಾಡುತ್ತಿಲ್ಲ. ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರ್ ನಿವೃತ್ತರಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಡ್ರಾಯಿಂಗ್ ಪಿರಿಯಡ್ ಗಣಿತಕ್ಕೆ ಹೋಯಿತು. ನಾನು ಆಗ ಒಂಬತ್ತನೇ ಕ್ಲಾಸು. ಡ್ರಾಯಿಂಗ್ ಪರೀಕ್ಷೆಯ ಲೋಯರ್ ಗ್ರೇಡ್ ಪಾಸಾಗಿದ್ದೆ, ಹೈಯರ್ ಕಟ್ಟುವ ಆಸೆ ಇತ್ತು. ಕಟ್ಟಿಸುವವರೇ ಇರಲಿಲ್ಲ. ಅವರು ಕೊಟ್ಟ ಕ್ಯಾಮೆಲ್ ಬಣ್ಣದ ಡಬ್ಬಿ ಇನ್ನೂ ನನ್ನ ಹತ್ತಿರ ಇದೆ, ನೀಲಿ ಬಿಲ್ಲೆ ಪೂರ್ತಿ ಸವೆದಿದೆ. ನೀವು ಕೆಲಸ ಬಿಟ್ಟರೆ ನಿಮಗೆ ದಾರಿ ಸಿಗುತ್ತೆ ಸರ್. ಆ ಮಕ್ಕಳಿಗೆ?

ರಾಣೇಬೆನ್ನೂರು ಅಣ್ಣ:
ಇದಕ್ಕೆ ಉತ್ತರ ಕೊಡಿ ಮಾಸ್ತರೇ.

ಬೂದುಗಲ್ಲು:
ನಿಜ ಹೇಳಬೇಕೆಂದರೆ ನನ್ನನ್ನು ಇಷ್ಟು ದಿನ ತಡೆದಿರುವುದು ಇದೇ. ಸಾಲದ ಲೆಕ್ಕ ಹೇಗೋ ಹೊಂದಿಸಬಹುದು. ಈ ವರ್ಷ ಹನ್ನೊಂದು ಮಕ್ಕಳು ಗ್ರೇಡ್ ಪರೀಕ್ಷೆಗೆ ತಯಾರಾಗುತ್ತಿದ್ದಾರೆ. ಅದರಲ್ಲಿ ಒಬ್ಬಳು ಕುರಿಗಾರರ ಹುಡುಗಿ. ಆಡು ಹೇಗೆ ನಿಲ್ಲುತ್ತದೆ, ಕಿವಿ ಯಾವ ಕಡೆ ಬಾಗುತ್ತದೆ ಅನ್ನುವುದನ್ನು ನೋಡದೆ ಬರೆಯುತ್ತಾಳೆ. ವೀರಭದ್ರನ ಕಾಲ ಬಳಿ ದಕ್ಷನ ಆಡಿನ ತಲೆಗೆ ನಾನು ಹಾಕಿದ ಚಿತ್ರ ನೋಡಿ "ಸರ್, ಇದು ಕುರಿ ಆಗೇತ್ರಿ. ಆಡಿನ ಗಲ್ಲದ ಕೆಳಗ ಗಡ್ಡ ಇರತೈತಿ, ಮೂಗು ನೇರ ಇರತೈತಿ" ಅಂದಳು. ಸರಿಯಾಗಿಯೇ ಹೇಳಿದಳು. ಚಿತ್ರ ತಿದ್ದಿದೆ.

ಹಾನಗಲ್ ಅಕ್ಕ:
ಆ ಹುಡುಗಿಯನ್ನು ಬಿಡಬೇಡಿ ಮಾಸ್ತರೇ. ಓದಿ ಕಣ್ಣು ತುಂಬಿತು.

ಹೆಣ್ಣುಮಕ್ಕಳು ಕಲ್ಲು ಮುಟ್ಟಬಾರದು ಅಂತ ಯಾರಾದರೂ ಬರುವ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಊರಿನ ದ್ಯಾಮವ್ವ ಮರದ ಮೂರ್ತಿ. ಜಾತ್ರೆಗೆ ಮೊದಲು ಬಣ್ಣಕ್ಕೆ ಇಳಿಸುತ್ತಾರೆ. ಆಗ ಊರಿನವರು ಯಾರೂ ನೋಡುವ ಹಾಗಿಲ್ಲ. ಅಪ್ಪ ಬಣ್ಣ ಹಚ್ಚುತ್ತಿದ್ದರು. ಬಣ್ಣ ಅರೆದು ಕೊಡುವವಳು ಅವ್ವ. ಅರಿಶಿನ ಮುಖಕ್ಕೆ ಎಷ್ಟು ಬಿಳಿ ಸೇರಿಸಬೇಕು ಅನ್ನುವುದು ಅವ್ವನಿಗೇ ಗೊತ್ತಿತ್ತು, ಅಪ್ಪನಿಗೆ ಅಲ್ಲ. ಬಣ್ಣ ಮುಗಿದು ಪರದೆ ತೆಗೆದ ದಿನ ಊರಿಗೆ ಊರೇ "ನಮ್ಮವ್ವ ಬಂದ್ಲು" ಅಂತ ಉಡಿ ತುಂಬಲು ಬರುತ್ತಿತ್ತು. ನಮ್ಮವ್ವ ಹಿಂದೆ ನಿಂತು ಬಣ್ಣದ ಕೈ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು.

ಕುಲಕಸುಬು:
ಅಕ್ಕಾರೆ, ನಾನು ಹೆಣ್ಣುಮಕ್ಕಳ ಬಗ್ಗೆ ಏನೂ ಅಂದಿಲ್ಲ. ಕಲಿಯದೆ ಮುಟ್ಟಬೇಡಿ ಅಂದೆ, ಅಷ್ಟೇ.

ಬೆಟಗೇರಿ ನೇಕಾರ:
ಕಲಿಯದೆ ಅಂದರೆ ಏನಣ್ಣ? ಕಲಿಸಬೇಕಾದವರು ಬಾಗಿಲು ಹಾಕಿಕೊಂಡರೆ ಬೇರೆಯವರು ಎಲ್ಲಿ ಕಲಿಯಬೇಕು? ಕಾರ್ಕಳ ಹತ್ತಿರ ಮಿಯ್ಯಾರಿನಲ್ಲಿ ಸಿ.ಇ. ಕಾಮತ್ ಹೆಸರಿನ ಸಂಸ್ಥೆ ಇದೆ. ಬಿಡದಿ ಹತ್ತಿರ ಜೋಗರದೊಡ್ಡಿಯಲ್ಲಿ ಕೆನರಾ ಬ್ಯಾಂಕಿನ ಸಂಸ್ಥೆ ಇದೆ. ಅಲ್ಲಿ ಎಲ್ಲ ಜಾತಿಯ ಹುಡುಗರೂ ಕಲಿಯುತ್ತಾರೆ. ಅವರು ಕೆತ್ತಿದ್ದು ದೇವರಲ್ವಾ?

ಕುಲಕಸುಬು:
ಬಾಗಿಲು ಹಾಕಿಕೊಂಡಿದ್ದೇವೆ ಅಂತ ಯಾಕೆ ಅಂದುಕೊಳ್ಳುತ್ತೀರಿ? ನಮ್ಮ ಮನೆ ಮಕ್ಕಳೇ ಕಲಿಯಲು ಒಲ್ಲೆ ಅಂತಾರೆ. ನನ್ನ ಮಗ ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ. ಅಜ್ಜನ ಉಳಿಗಳು ಎಣ್ಣೆ ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿವೆ. ಹೊಟ್ಟೆಯಲ್ಲಿ ಸಂಕಟ ಇದ್ದದ್ದಕ್ಕೆ ಮಾತು ಒರಟಾಗಿ ಬಂತು. ಮಾಸ್ತರ್ ಲೆಕ್ಕ ಸರಿಯಾಗಿ ಹೇಳಿದ್ದಾರೆ, ಅದು ಒಪ್ಪಿದೆ. ಮುಖದ ಮೂರು ಭಾಗ ಹೇಗೆ ಮಾಡುತ್ತೀರಿ ಮಾಸ್ತರೇ?

ಬೂದುಗಲ್ಲು:
ಹಣೆ ನಾಲ್ಕು ಅಂಗುಲ, ಮೂಗು ನಾಲ್ಕು, ಮೂಗಿನ ತುದಿಯಿಂದ ಗಲ್ಲ ನಾಲ್ಕು. ಇದನ್ನು ಮಕ್ಕಳಿಗೆ ಕಾಗದದ ಮೇಲೆ ನಾವೂ ಹೀಗೇ ಹೇಳಿಕೊಡುತ್ತೇವೆ. ಈ ಒಂದು ವಿಷಯದಲ್ಲಿ ಶಾಲೆಯೂ ಶಿಲ್ಪವೂ ಸೇರುತ್ತವೆ.

ಲೊಕ್ಕಿಗುಂಡಿ:
ಗದಗಿನಲ್ಲಿ ಇದ್ದುಕೊಂಡು ತಾಳಮಾನಕ್ಕೆ ಯಾಕೆ ಜಗಳ? ಹನ್ನೆರಡು ಕಿಲೋಮೀಟರ್ ಹೋದರೆ ಲಕ್ಕುಂಡಿ. ಬ್ರಹ್ಮಜಿನಾಲಯದಲ್ಲಿ ನಾಲ್ಕು ಮುಖದ ಬ್ರಹ್ಮ ನಿಂತಿದ್ದಾನೆ. ಹೋಗಿ ಎದುರಿಗೆ ಒಂದು ಗಂಟೆ ಕೂರಿ. ಕಾಶಿವಿಶ್ವನಾಥ ಗುಡಿಯ ಬಾಗಿಲವಾಡ ನೋಡಿ. ಬಳ್ಳಿಯ ಒಂದೊಂದು ಸುರುಳಿಯ ಹಿಂದೆ ಕಲ್ಲು ಖಾಲಿ ಮಾಡಿದ್ದಾರೆ, ಕಡ್ಡಿ ತೂರಿಸಬಹುದು.

ಶಿಗ್ಗಾಂವಿ ಹುಡುಗ:
ಹೊಯ್ಸಳರು ಕಟ್ಟಿದ್ದು ಅಲ್ವಾ ಅದು? ಬೇಲೂರು ತರಹವೇ ಇದೆ.

ಲೊಕ್ಕಿಗುಂಡಿ:
ಅಲ್ಲ ತಮ್ಮಾ. ಬ್ರಹ್ಮಜಿನಾಲಯ ಕಟ್ಟಿಸಿದ್ದು ದಾನಚಿಂತಾಮಣಿ ಅತ್ತಿಮಬ್ಬೆ, 1007ರಲ್ಲಿ. ಆಗ ಆಳುತ್ತಿದ್ದವರು ಕಲ್ಯಾಣದ ಚಾಲುಕ್ಯರು. ಬೇಲೂರು ಗುಡಿ ಅದಕ್ಕಿಂತ ನೂರು ವರ್ಷದ ಮೇಲೆ ಬಂದದ್ದು. ಹೊಯ್ಸಳರ ಇಮ್ಮಡಿ ಬಲ್ಲಾಳ ಲಕ್ಕುಂಡಿಗೆ ಬಂದದ್ದು 12ನೇ ಶತಮಾನದ ಕೊನೆಗೆ. ನೀನು ಬೇಲೂರು ಲಕ್ಕುಂಡಿ ತರಹ ಇದೆ ಅನ್ನಬೇಕು!

ಇನ್ನೊಂದು ಮಾತು. ಬಾದಾಮಿ, ಪಟ್ಟದಕಲ್ಲಿನಲ್ಲಿ ಮರಳುಗಲ್ಲು. ಅಣ್ಣಿಗೇರಿಯ ಅಮೃತೇಶ್ವರ, ಲಕ್ಕುಂಡಿ, ಡಂಬಳದ ದೊಡ್ಡಬಸಪ್ಪ, ಇವೆಲ್ಲ ಬಳಪದ ಕಲ್ಲಿನ ಕಾಲದವು. ಕಲ್ಲು ಮೆತ್ತಗೆ ಸಿಕ್ಕಿತು, ಹಾಗಾಗಿ ಕೆಲಸ ಇಷ್ಟು ಸೂಕ್ಷ್ಮ ಆಯಿತು. ಕಂಬಗಳನ್ನು ಚರಕಿಗೆ ಹಾಕಿ ತಿರುಗಿಸಿ ನುಣುಪು ಮಾಡಿದ್ದಾರೆ, ಕೈ ಸವರಿದರೆ ಗೊತ್ತಾಗುತ್ತದೆ.

ರಾಣೇಬೆನ್ನೂರು ಅಣ್ಣ:
ಹಾಗಾದರೆ ಕಾರ್ಕಳದಿಂದ ಯಾಕೆ ಕಲ್ಲು ತರಬೇಕು? ಪಕ್ಕದಲ್ಲೇ ಕಪ್ಪತಗುಡ್ಡ ಇದೆಯಲ್ಲ.

ಲೊಕ್ಕಿಗುಂಡಿ:
ಅಣ್ಣಾ, ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಒಂದು ಕಲ್ಲೂ ಮುಟ್ಟುವಂತಿಲ್ಲ. ಅದನ್ನು ಉಳಿಸಲು ಜನ ಎಷ್ಟು ವರ್ಷ ಹೋರಾಡಿದ್ದಾರೆ ಗೊತ್ತಾ? ಆ ಗುಡ್ಡ ಹಾಗೇ ಇರಲಿ.

ರಾಣೇಬೆನ್ನೂರು ಅಣ್ಣ:
ತಪ್ಪಾಯಿತು. ಇರಲಿ.

ಹುಬ್ಬಳ್ಳಿ ಸಿಸ್ಟರ್:
ನಾನು ಆಸ್ಪತ್ರೆಯಲ್ಲಿ ಎದೆ ರೋಗದ ವಾರ್ಡಿನಲ್ಲಿ ಕೆಲಸ ಮಾಡಿದವಳು. ಯಾರೂ ದೂಳಿನ ಮಾತು ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಭಾನುವಾರ ಎರಡು ತಾಸು ಕಲ್ಲು ಕುಟ್ಟುವುದು ಬೇರೆ. ದಿನಾ ಎಂಟು ತಾಸು ಗ್ರೈಂಡರ್ ಹಿಡಿಯುವುದು ಬೇರೆ. ಕಲ್ಲಿನ ದೂಳಿನಲ್ಲಿ ಇರುವ ಸಿಲಿಕಾ ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ. ಸಿಲಿಕೋಸಿಸ್ ಅಂತಾರೆ. ಅದಕ್ಕೆ ವಾಸಿ ಮಾಡುವ ಔಷಧ ಇಲ್ಲ. ಟಿಬಿ ಬರುವುದೂ ಸುಲಭ ಆಗುತ್ತದೆ. ನಾನು ನೋಡಿದ ಒಬ್ಬ ಕಲ್ಲು ಕೆಲಸದವರು ಮೆಟ್ಟಿಲು ಹತ್ತಿ ಬಂದು ಹತ್ತು ನಿಮಿಷ ಮಾತಾಡಲು ಆಗದೆ ಕೂತಿದ್ದರು. ವಯಸ್ಸು ಐವತ್ತೂ ಆಗಿರಲಿಲ್ಲ.

ಮುಖಕ್ಕೆ ಟವೆಲ್ ಕಟ್ಟಿದರೆ ಸಾಲದು. ಸಣ್ಣ ದೂಳು ಬಟ್ಟೆಯೊಳಗಿಂದ ಹೋಗುತ್ತದೆ. ಎನ್95 ಮಾಸ್ಕ್ ಬೇಕು, ಮುಖಕ್ಕೆ ಬಿಗಿಯಾಗಿ ಕೂರಬೇಕು. ಗಡ್ಡ ಇದ್ದರೆ ಸರಿಯಾಗಿ ಕೂರಲ್ಲ. ಕೊಯ್ಯುವಾಗ ನೀರು ಬಿಟ್ಟುಕೊಂಡೇ ಕೊಯ್ಯಿರಿ. ಶೆಡ್ ಮನೆಗೆ ಅಂಟಿಕೊಂಡು ಇರಬಾರದು. ಕೆಲಸದ ಬಟ್ಟೆ ಮನೆಯಲ್ಲಿ ಝಾಡಿಸಬೇಡಿ, ಅದನ್ನು ಒಗೆಯುವುದು ಹೆಂಡತಿ ಅಲ್ವಾ? ವರ್ಷಕ್ಕೊಮ್ಮೆ ಎಕ್ಸ್‌ರೇ ಮಾಡಿಸಿ.

ಉಳಿ ಸುತ್ತಿಗೆ:
ಸಿಸ್ಟರ್ ಅವರ ಮಾತು ನೂರಕ್ಕೆ ನೂರು ಸರಿ. ಮೊದಲ ಮೂರು ವರ್ಷ ನಾನೂ ಟವೆಲ್ ಕಟ್ಟಿಕೊಂಡೇ ಮಾಡಿದೆ. ಈಗ ಗ್ರೈಂಡರ್‌ಗೆ ನೀರಿನ ಸಣ್ಣ ಪೈಪ್ ಜೋಡಿಸಿದ್ದೇನೆ. ಕೆಸರಾಗುತ್ತದೆ, ಆಗಲಿ.

ಶಿಗ್ಗಾಂವಿ ಹುಡುಗ:
ಕಲ್ಲೇ ಯಾಕೆ ಬೇಕು? ಫೈಬರ್, ಸಿಮೆಂಟಿನಲ್ಲೂ ದುಡ್ಡಿದೆ. ನಮ್ಮ ಗೊಟಗೋಡಿ ಉತ್ಸವ ರಾಕ್ ಗಾರ್ಡನ್ ನೋಡಿ. ಸೊಲಬಕ್ಕನವರ ಸರ್ ಇಡೀ ಹಳ್ಳಿಯನ್ನೇ ಸಿಮೆಂಟಿನಲ್ಲಿ ನಿಲ್ಲಿಸಿದ್ದಾರೆ. ಎತ್ತು, ಬಂಡಿ, ರೊಟ್ಟಿ ಬಡಿಯುವ ಅಜ್ಜಿ, ಎಲ್ಲ ಜೀವ ಇದ್ದ ಹಾಗೇ ಇವೆ. ಈಗ ಕಂಪ್ಯೂಟರ್ ಮಷಿನ್‌ನಲ್ಲೂ ಕಲ್ಲು ಕೆತ್ತುತ್ತಾರೆ.

ಬೂದುಗಲ್ಲು:
ಗೊಟಗೋಡಿಗೆ ಪ್ರತಿ ವರ್ಷ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಸೊಲಬಕ್ಕನವರ ಸರ್ ಮೇಲೆ ತುಂಬಾ ಗೌರವ ಇದೆ. ಸಿಮೆಂಟಿನಲ್ಲಿ ತಪ್ಪಾದರೆ ಮತ್ತೆ ಮೆತ್ತಬಹುದು. ಕಲ್ಲಿನಲ್ಲಿ ತೆಗೆದದ್ದು ಹೋಯಿತು. ನನಗೆ ಆ ಭಯವೇ ಬೇಕು ಅನಿಸುತ್ತದೆ. ಮತ್ತೆ, ಗರ್ಭಗುಡಿಯ ಮೂರ್ತಿಗೆ ದಿನಾ ಎಣ್ಣೆ, ನೀರು, ಹಾಲು ಬೀಳುತ್ತದೆ. ಅದಕ್ಕೆ ಕಲ್ಲೇ ಸರಿ.

ಉಳಿ ಸುತ್ತಿಗೆ:
ಮಷಿನ್ ಬಗ್ಗೆ ನಾನು ಬಿಗಿ ಹಿಡಿಯಲ್ಲ. ಒರಟು ಕಲ್ಲು ಇಳಿಸಲು ಗ್ರೈಂಡರ್ ಬಳಸುವವನು ಮಷಿನ್ ಬೇಡ ಅನ್ನಲು ಆಗುತ್ತದಾ? ಆದರೆ ಮುಖ ಕೈಯಲ್ಲೇ ಆಗಬೇಕು.

ವರೂರು ದಾರಿ:
ನಮ್ಮ ಜೈನ ಬಸದಿಗಳ ಮಾತೂ ಸ್ವಲ್ಪ ಸೇರಿಸುತ್ತೇನೆ. ಹುಬ್ಬಳ್ಳಿ ಹತ್ತಿರ ವರೂರಿನ ನವಗ್ರಹ ತೀರ್ಥದಲ್ಲಿ 61 ಅಡಿಯ ಪಾರ್ಶ್ವನಾಥರು ಇದ್ದಾರೆ, ನೋಡಿರುತ್ತೀರಿ. ದಿಗಂಬರ ಮೂರ್ತಿ ಸುಲಭ, ಒಡವೆ ಇಲ್ಲ, ಬಟ್ಟೆ ಇಲ್ಲ ಅಂತ ಕೆಲವರು ಅಂದುಕೊಂಡಿದ್ದಾರೆ. ನಮ್ಮ ಬಸದಿಗೆ ಮೂರ್ತಿ ಮಾಡಿದ ಶಿಲ್ಪಿ ಬೇರೆಯೇ ಹೇಳಿದರು. ಹಾರ ಇದ್ದರೆ ಎದೆಯ ತಪ್ಪು ಹಾರದ ಕೆಳಗೆ ಹೋಗುತ್ತದೆ. ಇಲ್ಲಿ ಭುಜದಿಂದ ಪಾದದವರೆಗೆ ಒಂದೇ ಮೈ, ತಪ್ಪು ಮುಚ್ಚಲು ಜಾಗವೇ ಇಲ್ಲ. ಅವರು ಸಂಜೆ ದೀಪ ಹಿಡಿದು ಪಕ್ಕದಿಂದ ಬೆಳಕು ಬಿಟ್ಟು ನೋಡುತ್ತಿದ್ದರು. ಹಗಲಲ್ಲಿ ಕಾಣದ ಉಬ್ಬು ತಗ್ಗು ಆಗ ಕಾಣುತ್ತಿತ್ತು.

ಕುಲಕಸುಬು:
ಒಳ್ಳೇ ಮಾತು. ನಮ್ಮ ಅಜ್ಜನೂ ಕಂದೀಲು ಹಿಡಿಯುತ್ತಿದ್ದರು.

ಮಾಸ್ತರೇ, ವೀರಭದ್ರನ ಮೀಸೆ ಬಗ್ಗೆ ಎಚ್ಚರ. ಊರಿನವರು ಮೀಸೆ ದೊಡ್ಡದು ಬೇಕು, ತಿರುವಿ ನಿಂತಿರಬೇಕು ಅಂತಾರೆ. ತುದಿಯನ್ನು ಗಾಳಿಯಲ್ಲಿ ಬಿಡಬೇಡಿ, ಕೆನ್ನೆಗೆ ಅಂಟಿಸಿಯೇ ಇಡಿ. ಕತ್ತಿಯ ತುದಿ ಪ್ರಭಾವಳಿಗೆ ಸೇರಿರಲಿ. ಹಳೇ ಮೂರ್ತಿಗಳಲ್ಲಿ ಕೈಗೂ ಮೈಗೂ ನಡುವೆ ಕಲ್ಲು ಹಾಗೇ ಬಿಟ್ಟಿರುವುದು ಇದಕ್ಕೇ. ಸಾಗಿಸುವಾಗ ಉಗುರಿನಷ್ಟು ಚೂರು ಹಾರಿದರೂ ಮೂರ್ತಿ ಭಿನ್ನ. ಪೂಜೆಗೆ ಬರುವುದಿಲ್ಲ. ಆರು ತಿಂಗಳ ಕೆಲಸ ಹೊಳೆಗೆ ಬಿಡಬೇಕು.

ಬೂದುಗಲ್ಲು:
ಅಣ್ಣಾರೆ, ಇದು ನನಗೆ ಆಗಿದೆ. ಕೆತ್ತುವಾಗ ಅಲ್ಲ, ಕಲ್ಲಿನಲ್ಲೇ ದೋಷ ಇತ್ತು. ಎರಡನೇ ಬಸವಣ್ಣನಿಗೆ ಒಂದು ಕಡೆ ಕಲ್ಲು ತಂದೆ. ಬಡಿದು ನೋಡಿದೆ, ಗಂಟೆಯ ಹಾಗೇ ನಾದ ಬಂತು. ಕೊಟ್ಟವರೂ ಒಳ್ಳೇ ಕಲ್ಲು ಅಂದರು. ನಲವತ್ತು ದಿನ ಕೆತ್ತಿದ ಮೇಲೆ ಬಸವಣ್ಣನ ಎಡಗಿವಿಯ ಹಿಂದೆ ಕೂದಲೆಳೆಯಷ್ಟು ಗೆರೆ ಕಂಡಿತು. ಉಗುರಿನಿಂದ ಕೆರೆದೆ, ಹೋಗಲಿಲ್ಲ. ಮರುದಿನ ಅದು ಕೊಂಬಿನವರೆಗೆ ಹೋಗಿತ್ತು. ಕಲ್ಲು ಕೊಟ್ಟವರು ಮಾತು ಬದಲಿಸಿದರು, ದುಡ್ಡು ವಾಪಸ್ ಬರಲಿಲ್ಲ. ಹೊಸ ಕಲ್ಲು ತಂದು ಮತ್ತೆ ಮೊದಲಿನಿಂದ ಮಾಡಿದೆ. ಒಡೆದ ಬಸವಣ್ಣ ಇನ್ನೂ ನಮ್ಮ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಇದ್ದಾನೆ. ಅವ್ವ ಪೂಜೆ ಮಾಡಲ್ಲ, ಆದರೆ ಸುತ್ತ ಕಸ ಹೊಡೆಯುತ್ತಾಳೆ.

ಕುಲಕಸುಬು:
ನಾದ ಒಂದೇ ನಂಬಬಾರದು. ಕಲ್ಲು ತಂದ ದಿನ ಪೂರ್ತಿ ನೀರು ಹೊಯ್ಯಿರಿ. ಬಿಸಿಲಿಗೆ ಬಿಡಿ. ಮೈಯೆಲ್ಲ ಒಣಗುತ್ತದೆ, ಬಿರುಕು ಇದ್ದ ಕಡೆ ಮಾತ್ರ ನೀರು ಉಳಿದು ಕಪ್ಪು ಗೆರೆ ಕಾಣುತ್ತದೆ. ನಾಲ್ಕೂ ಮಗ್ಗುಲು ಹೊರಳಿಸಿ ಹೀಗೆ ನೋಡಿ. ಆಮೇಲೆ ಉಳಿ ಹಿಡಿಯಿರಿ.

ಬೂದುಗಲ್ಲು:
ಇದನ್ನು ಯಾರೂ ಹೇಳಿರಲಿಲ್ಲ. ತುಂಬಾ ಉಪಕಾರ ಆಯಿತು.

ಹಳೇ ವಿದ್ಯಾರ್ಥಿ:
ಒಂದು ಪ್ರಶ್ನೆ ಕೇಳಬಹುದಾ? ಮೂರ್ತಿ ಕೊಟ್ಟ ಮೇಲೆ ಹೇಗನಿಸುತ್ತದೆ? ಚಿತ್ರದ ಕೆಳಗೆ ಹೆಸರು ಬರೆಯುತ್ತೇವೆ. ಮೂರ್ತಿಯ ಮೇಲೆ ಬರೆಯಲ್ಲ ಅಲ್ವಾ?

ಉಳಿ ಸುತ್ತಿಗೆ:
ಬರೆಯಲ್ಲ. ಕೆಲವರು ಪೀಠದ ಹಿಂದೆ ಬರೆಯುತ್ತಾರೆ. ನಾನು ಬರೆಯುವುದಿಲ್ಲ.

ಹೇಗನಿಸುತ್ತದೆ ಅಂದರೆ ಕೇಳು. ನನ್ನ ಮೊದಲ ದೇವಿಯ ಮೂರ್ತಿ. ಐದು ತಿಂಗಳು ನನ್ನ ಶೆಡ್‌ನಲ್ಲಿ ಇದ್ದಳು. ಅವಳ ಮಡಿಲಲ್ಲಿ ಉಳಿ ಇಟ್ಟಿದ್ದೇನೆ, ಭುಜಕ್ಕೆ ಕೈ ಕೊಟ್ಟು ನಿಂತು ಚಹಾ ಕುಡಿದಿದ್ದೇನೆ. ಊರಿಗೆ ಒಯ್ದ ಮೇಲೆ ಒಂದು ದಿನ ನೀರಿನಲ್ಲಿ ಇಟ್ಟರು, ಒಂದು ದಿನ ಅಕ್ಕಿ ಗೋಧಿಯಲ್ಲಿ ಮುಚ್ಚಿಟ್ಟರು. ಕಣ್ಣಿನ ಗೆರೆ ಮಾತ್ರ ನಾನು ಪೂರ್ತಿ ಮಾಡಿರಲಿಲ್ಲ, ಅದು ಆ ದಿನಕ್ಕೆ ಬಿಟ್ಟದ್ದು. ಬೆಳಗಿನ ಜಾವ ಪರದೆಯ ಹಿಂದೆ ಕರೆದರು. ಸ್ವಾಮಿಗಳು, ನಾನು, ಒಂದು ದೀಪ. ಚಿನ್ನದ ಸೂಜಿ ಕೈಗೆ ಕೊಟ್ಟರು. ಬಲಗಣ್ಣು, ಆಮೇಲೆ ಎಡಗಣ್ಣು. ಕೈ ನಡುಗಬಾರದು ಅಂತ ಹಿಂದಿನ ದಿನ ಏನೂ ತಿಂದಿರಲಿಲ್ಲ, ಅದಕ್ಕೇ ಜಾಸ್ತಿ ನಡುಗಿತು. ಕಣ್ಣು ತೆರೆದ ಕೂಡಲೇ ಎದುರಿಗೆ ಕನ್ನಡಿ ಹಿಡಿದರು, ಆಮೇಲೆ ಕರು ಇರುವ ಹಸು ತಂದು ನಿಲ್ಲಿಸಿದರು. ನನ್ನನ್ನು ಪಕ್ಕಕ್ಕೆ ಸರಿಯಲು ಹೇಳಿದರು.

ಹತ್ತು ಗಂಟೆಗೆ ಬಾಗಿಲು ತೆಗೆದರು. ನಾನೂ ಸಾಲಿನಲ್ಲಿ ನಿಂತೆ. ನನ್ನ ಮುಂದೆ ಒಬ್ಬ ಮುದುಕಿ ಇದ್ದಳು. ದೇವಿಯನ್ನು ನೋಡಿ "ಅವ್ವಾ, ಬಂದ್ಯಾ" ಅಂದು ಅತ್ತಳು. ಮಡಿಲಲ್ಲಿ ಉಳಿ ಇಟ್ಟದ್ದು ನೆನಪಾಗಿ ನನಗೆ ಮೈ ಬೆವರಿತು. ಆ ಮುಖ ಅವತ್ತು ನಾನು ಕೆತ್ತಿದ ಮುಖದ ಹಾಗೆ ಕಾಣಲಿಲ್ಲ.

ಹಾನಗಲ್ ಅಕ್ಕ:
🙏🙏

ಬೆಟಗೇರಿ ನೇಕಾರ:
ಇದನ್ನು ನಮ್ಮ ಅಪ್ಪನಿಗೆ ಓದಿ ಹೇಳಿದೆ. ಮಗ್ಗ ನಿಲ್ಲಿಸಿ ಕೇಳಿದರು.

ಬೂದುಗಲ್ಲು:
ನಾಲ್ಕು ದಿನ ಬರೆಯಲಿಲ್ಲ, ಕ್ಷಮಿಸಿ. ಎಲ್ಲವನ್ನೂ ಮನೆಯಲ್ಲಿ ಜೋರಾಗಿ ಓದಿದೆ. ಸಿಸ್ಟರ್ ಬರೆದ ದೂಳಿನ ಮಾತು ಕೇಳಿ ಮನೆಯವರು ಎದ್ದು ಹೋಗಿ ನನ್ನ ಕೆಲಸದ ಅಂಗಿ ಹೊರಗಿನ ಹಗ್ಗದ ಮೇಲೆ ಹಾಕಿ ಬಂದರು.

ಖಜಾನೆಗೆ ಹೋಗಿ ಲೆಕ್ಕ ಬರೆಸಿಕೊಂಡು ಬಂದೆ. ಕೈಗೆ ಬರುವುದು ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ಹೀಗೆ ಮಾಡೋಣ ಅಂತ ಇಬ್ಬರೂ ಕೂತು ಮಾತಾಡಿದ್ದೇವೆ. ಈ ಹನ್ನೊಂದು ಮಕ್ಕಳ ಗ್ರೇಡ್ ಪರೀಕ್ಷೆ ಮುಗಿಯಬೇಕು. ಮಗಳ ಪಿಯುಸಿ ಮುಗಿಯಬೇಕು. ಆಮೇಲೆ ಮೂರು ತಿಂಗಳ ನೋಟಿಸ್ ಕೊಡುತ್ತೇನೆ. ವೀರಭದ್ರನ ಊರಿನವರಿಗೆ ಫೋನ್ ಮಾಡಿ ಈ ಶಿವರಾತ್ರಿಗೆ ಆಗಲ್ಲ, ಮುಂದಿನ ಶಿವರಾತ್ರಿಗೆ ಕೊಡುತ್ತೇನೆ ಅಂದೆ. ಬೇರೆಯವರ ಹತ್ತಿರ ಹೋಗುತ್ತಾರೆ ಅಂದುಕೊಂಡಿದ್ದೆ. "ಗುಡಿಯ ಕಲಶದ ಕೆಲಸನೂ ಮುಗಿದಿಲ್ಲ ಮಾಸ್ತರ, ನಾವು ತಡಕೋತೀವಿ" ಅಂದರು. ದ್ವಾರಪಾಲಕರನ್ನು ಉಳಿ ಸುತ್ತಿಗೆ ಅಣ್ಣನವರು ಮಾಡಲು ಒಪ್ಪಿದರೆ ಆ ಊರಿನವರ ನಂಬರ್ ಕಳಿಸುತ್ತೇನೆ.

ಭಾನುವಾರ ಬೆಳಿಗ್ಗೆ ವಿದ್ಯಾರ್ಥಿಗಳಿಗೆ ಕ್ಲಾಸು ಮುಂದುವರಿಯುತ್ತದೆ, ಕೆಲಸ ಬಿಟ್ಟ ಮೇಲೂ, ನಮ್ಮ ಶೆಡ್‌ನಲ್ಲಿ. ಕುರಿಗಾರರ ಹುಡುಗಿಗೆ ಹೇಳಿದೆ. "ಕಲ್ಲಿಂದೂ ಕಲಸ್ತೀರೇನ್ರಿ ಸರ್?" ಅಂತ ಕೇಳಿದಳು.

ಹಳೇ ವಿದ್ಯಾರ್ಥಿ:
ಭಾನುವಾರದ ಕ್ಲಾಸಿಗೆ ದೊಡ್ಡವರೂ ಬರಬಹುದಾ ಸರ್? ನನಗೆ 29.

ಬೂದುಗಲ್ಲು:
ಬಣ್ಣದ ಡಬ್ಬಿ ತೆಗೆದುಕೊಂಡು ಬಾ.

ಉಳಿ ಸುತ್ತಿಗೆ:
ದ್ವಾರಪಾಲಕರನ್ನು ಮಾಡುತ್ತೇನೆ, ನಂಬರ್ ಕಳಿಸಿ. ನಿಮ್ಮ ಕಲ್ಲು ಆರಿಸಲು ಕಾರ್ಕಳಕ್ಕೆ ಹೋಗುವಾಗ ಹೇಳಿ, ಒಂದೇ ಲಾರಿಯಲ್ಲಿ ಎರಡೂ ತರೋಣ. ಬಾಡಿಗೆ ಅರ್ಧ ಆಗುತ್ತದೆ.

ಕುಲಕಸುಬು:
ಆ ಹುಡುಗಿಯ ಕೈ ಎಷ್ಟು ದೊಡ್ಡದು ಮಾಸ್ತರೇ? ಅಜ್ಜನ ಉಳಿಗಳಲ್ಲಿ ಮೂರು ಸಣ್ಣವು ಇವೆ, ನನಗೆ ಕಲಿಸುವಾಗ ಮಾಡಿಸಿದ್ದು. ಅಟ್ಟದಿಂದ ಇಳಿಸಿದ್ದೇನೆ. ತುದಿ ಸವೆದಿದೆ, ಕುಲುಮೆಗೆ ಕೊಟ್ಟು ಬಡಿಸಬೇಕು. ಹಾವೇರಿ ಕಡೆ ಬಂದಾಗ ಒಯ್ಯಿರಿ.

ಬೂದುಗಲ್ಲು:
ಬರುವ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಕೂಡಲೇ ಹೊರಡುತ್ತೇನೆ. ಅವಳಿಗೆ ಹದಿನಾಲ್ಕು, ಕೈ ಸಣ್ಣದೇ ಇದೆ.